ಶ್ರೀರಂಗಪಟ್ಟಣದ ಸೆರೆ ಮತ್ತು ನಾನು ಉತ್ತರಿಸದ ಒಂದು ಪ್ರಶ್ನೆ



ಮೇಷ್ಟ್ರಾದವನು ತರಗತಿಯಲ್ಲಿ ಹೇಳಿದ ಸುಳ್ಳು ಬೇಗ ಸಾಯುವುದಿಲ್ಲ. ಕೇಳಿದ ಮಕ್ಕಳ ಮನಸ್ಸಿನಲ್ಲಿ ಅದು ಪಾಠವಾಗಿಯೇ ಉಳಿಯುತ್ತದೆ. ಬೇಕೆಂದು ಹೇಳಿದ್ದಲ್ಲ, ತಿಳಿಯದೆ ಹೇಳಿದ್ದು ಎಂಬ ಸಮಾಧಾನ ಮೇಷ್ಟ್ರಿಗೆ ದೊರೆಯಬಹುದು, ಮಗುವಿಗೆ ದೊರೆಯುವುದಿಲ್ಲ. ಅಂಥ ಒಂದು ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ ಈ ಲೇಖನವನ್ನು ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾದರೆ ಸಹಿಸಿಕೊಳ್ಳಬೇಕು.

ಮಳವಳ್ಳಿಯಲ್ಲಿ ನಾನು ಸಮಾಜ ವಿಜ್ಞಾನವನ್ನು ಬೋಧಿಸುತ್ತಿದ್ದ ದಿನಗಳು. 1994ರ ಚಳಿಗಾಲದಲ್ಲಿ ಒಂಬತ್ತನೆಯ ತರಗತಿಯವರನ್ನು ಬಾಡಿಗೆ ಬಸ್ಸಿನಲ್ಲಿ ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆದೊಯ್ದಿದ್ದೆವು. ಮನೆಮನೆಯಿಂದ ತಂದ ಚಿತ್ರಾನ್ನ, ಮೊಸರನ್ನಗಳ ಬುತ್ತಿ. ರಂಗನಾಥನ ದರ್ಶನ, ದರಿಯಾ ದೌಲತ್, ಗುಂಬಜ್, ಸಂಗಮ, ಹೀಗೆ ಪ್ರತಿವರ್ಷದ ಅದೇ ಕ್ರಮ. ಕರ್ನಲ್ ಬೇಲಿಯ ಬಂದೀಖಾನೆಯ ಮುಂದೆ ನಿಂತು, 1780ರ ಪೊಳ್ಳಿಲೂರು ಕದನದಲ್ಲಿ ಸೆರೆಸಿಕ್ಕ ಆಂಗ್ಲ ಅಧಿಕಾರಿಗಳ ಕಥೆಯನ್ನು ನಾನು ಉತ್ಸಾಹದಿಂದ ವರ್ಣಿಸುತ್ತಿದ್ದೆ. ಆಗ ಒಬ್ಬ ಹುಡುಗಿ ಕೈಯೆತ್ತಿದಳು. ಕರಾವಳಿಯ ಕಡೆಯಿಂದ ವರ್ಗವಾಗಿ ಬಂದಿದ್ದ ಬ್ಯಾಂಕ್ ನೌಕರರೊಬ್ಬರ ಮಗಳು, ಕ್ರೈಸ್ತಳು. ಹೆಸರು ಇಲ್ಲಿ ಬೇಡ.

"ಸರ್, ಇಲ್ಲಿ ಬಿಳಿಯರನ್ನು ಮಾತ್ರ ಇಟ್ಟಿದ್ದರಾ? ನಮ್ಮ ಹಿರಿಯರನ್ನೂ ಮಂಗಳೂರಿನಿಂದ ಈ ಊರಿಗೆ ನಡೆಸಿಕೊಂಡು ಬಂದಿದ್ದರಂತೆ. ಅವರು ಎಲ್ಲಿದ್ದರು ಸರ್? ನಮ್ಮ ಅಜ್ಜಿ ನೋಡಿಕೊಂಡು ಬಾ ಅಂದಿದ್ದಾರೆ."

ನಾನು ಆ ಸಂಗತಿಯನ್ನು ಓದಿರಲಿಲ್ಲ. ಓದಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯವೂ ನನ್ನಲ್ಲಿರಲಿಲ್ಲ. "ಅಂಥದ್ದೇನೂ ಇತಿಹಾಸದಲ್ಲಿ ಇಲ್ಲಮ್ಮ, ಅಜ್ಜಿಯರು ಕಥೆ ಹೇಳುತ್ತಾರೆ" ಎಂದುಬಿಟ್ಟೆ. ಮಕ್ಕಳು ನಕ್ಕರು. ಆಕೆ ಕೈ ಇಳಿಸಿದಳು. ಸಂಜೆ ಊರು ಸೇರುವವರೆಗೂ ಬಸ್ಸಿನ ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಮರುವರ್ಷವೇ ಅವಳ ತಂದೆಗೆ ಬೇರೆಡೆಗೆ ವರ್ಗವಾಯಿತು.

ನನಗೆ ತಿಳಿವಳಿಕೆ ಬಂದದ್ದು ಹಲವು ವರ್ಷಗಳ ನಂತರ, ಮದ್ದೂರಿಗೆ ವರ್ಗವಾಗಿ ಬಂದ ಮೇಲೆ. ನನ್ನ ಜೊತೆ ಇಂಗ್ಲಿಷ್ ಬೋಧಿಸುತ್ತಿದ್ದ ಸಹೋದ್ಯೋಗಿಯೊಬ್ಬರು ಮಂಗಳೂರು ಕಡೆಯ ಕ್ಯಾಥೋಲಿಕರು. ಸಂಜೆ ವಡೆ, ಕಾಫಿಯ ಜೊತೆ ನಮ್ಮ ಹರಟೆ ಸಾಗುತ್ತಿತ್ತು. ಒಂದು ದಿನ ಅವರ ಕೋಣೆಯಲ್ಲಿ ಹಳೆಯ ಪುಸ್ತಕವೊಂದನ್ನು ಕಂಡು ಕೈಗೆತ್ತಿಕೊಂಡೆ. ಅಕ್ಷರವೆಲ್ಲ ಕನ್ನಡ, ಸರಾಗವಾಗಿ ಓದಬಲ್ಲೆ. ಅರ್ಥ ಮಾತ್ರ ಒಂದು ಸಾಲೂ ಆಗಲೊಲ್ಲದು! ಮಂಗಳೂರಿನ ಕ್ರೈಸ್ತರು ತಮ್ಮ ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆಂಬುದು ನನಗೆ ಆಗ ತಿಳಿಯಿತು. ಅದು ಕೊಂಕಣಿಯ ಪ್ರಸಿದ್ಧ ಕಾದಂಬರಿಕಾರರಾದ ವಿ.ಜೆ.ಪಿ. ಸಲ್ಡಾನಾ (1925–2000) ಅವರ ಕೃತಿ. 'ಖಡಾಪ್' ಎಂದು ಹೆಸರಾದ ಇವರು 'ಬೆಳ್ತಂಗಡಿಚೊ ಬಾಲ್ತಜಾರ್', 'ದೆವಾಚೆ ಕುರ್ಪೆನ್', 'ಸರ್ದಾರಾಂಚಿ ಸಿನೊಲ್' ಮುಂತಾದ ಚಾರಿತ್ರಿಕ ಕಾದಂಬರಿಗಳಲ್ಲಿ, ಟಿಪ್ಪುವಿನ ಕಾಲದಲ್ಲಿ ತಮ್ಮ ಜನ ಅನುಭವಿಸಿದ ಸೆರೆವಾಸವನ್ನೇ ವಸ್ತುವಾಗಿ ಆರಿಸಿಕೊಂಡವರು. 'ದೆವಾಚೆ ಕುರ್ಪೆನ್' ಎಂದರೆ ದೇವರ ಕೃಪೆಯಿಂದ ಎಂದು ಗೆಳೆಯರು ಅರ್ಥ ಹೇಳಿದರು. ನಾನು ಅಕ್ಷರ ಓದುವುದು, ಅವರು ಅರ್ಥ ಬಿಡಿಸುವುದು, ಹೀಗೆ ಕೆಲವು ಸಂಜೆಗಳು ಕಳೆದವು. ಆ ಹುಡುಗಿಯ ಅಜ್ಜಿ ಹೇಳಿದ್ದು ಕಟ್ಟುಕಥೆಯಲ್ಲವೆಂದು ನನಗೆ ಗೊತ್ತಾದದ್ದು ಒಂದು ಕಾದಂಬರಿಯಿಂದ! ಇತಿಹಾಸದ ಮೇಷ್ಟ್ರಿಗೆ ಇದಕ್ಕಿಂತ ನಾಚಿಕೆ ಇನ್ನೇನು ಬೇಕು?

ಇರಲಿ, ಈಗ ವಿಷಯಕ್ಕೆ ಬರೋಣ.

ಮಂಗಳೂರಿನ ಕ್ಯಾಥೋಲಿಕರ ಪೂರ್ವಿಕರು ಬಹುಮಟ್ಟಿಗೆ ಗೋವೆಯಿಂದ ವಲಸೆ ಬಂದವರು. ಕರಾವಳಿಯಲ್ಲಿ ನೆಲೆನಿಂತು, ಬೇಸಾಯ, ವ್ಯಾಪಾರಗಳಿಂದ ಬಲಗೊಂಡವರು. ಎರಡನೆಯ ಮೈಸೂರು ಯುದ್ಧದ ನಡುವೆ, 1782ರ ಡಿಸೆಂಬರಿನಲ್ಲಿ ಹೈದರ್ ಅಲಿ ತೀರಿಕೊಂಡನು. ಮರುವರ್ಷ ಜನರಲ್ ಮ್ಯಾಥ್ಯೂಸ್‌ನ ಆಂಗ್ಲ ಸೇನೆ ಕರಾವಳಿಯಲ್ಲಿಳಿದು ಮಂಗಳೂರನ್ನೂ ಘಟ್ಟದ ಮೇಲಿನ ಬಿದನೂರನ್ನೂ ಹಿಡಿಯಿತು. ಟಿಪ್ಪು ಬಿದನೂರನ್ನು ಮರಳಿ ಗೆದ್ದನು. ದೀರ್ಘ ಮುತ್ತಿಗೆಯ ನಂತರ 1784ರ ಜನವರಿಯಲ್ಲಿ ಮಂಗಳೂರಿನ ಕೋಟೆಯೂ ಅವನ ಕೈಸೇರಿತು. ಕರಾವಳಿಯ ಕ್ರೈಸ್ತರು ಶತ್ರುವಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಕೆಲವರು ನೆರವಾಗಿದ್ದಿರಬಹುದು. ಆದರೆ ಶಿಕ್ಷೆ ಕೆಲವರಿಗೆ ಸೀಮಿತವಾಗಲಿಲ್ಲ. ಫೆಬ್ರವರಿಯ ಕೊನೆಯ ವಾರದಲ್ಲಿ, ಅವರ ಉಪವಾಸದ ನಲವತ್ತು ದಿನಗಳು ಆರಂಭವಾಗುವ ಬೂದಿ ಬುಧವಾರದ ಹೊತ್ತಿಗೆ, ಇಡೀ ಸಮುದಾಯವನ್ನು ಹಿಡಿದು ಘಟ್ಟ ಹತ್ತಿಸಲಾಯಿತು. ಹೆಂಗಸರು, ಮಕ್ಕಳು, ಮುದುಕರೆಂಬ ಭೇದವಿರಲಿಲ್ಲ. ಇಗರ್ಜಿಗಳನ್ನು ಕೆಡವಲಾಯಿತು, ಆಸ್ತಿಗಳು ಮುಟ್ಟುಗೋಲಾದವು, ಪಾದ್ರಿಗಳನ್ನು ರಾಜ್ಯದಿಂದ ಹೊರಗಟ್ಟಲಾಯಿತು. ಆಂಗ್ಲರೊಡನೆ ಮಂಗಳೂರು ಒಪ್ಪಂದವಾದದ್ದು ಮಾರ್ಚ್ 11ರಂದು. ಅಷ್ಟರಲ್ಲಾಗಲೇ ಈ ಜನ ದಾರಿಯಲ್ಲಿದ್ದರು.

ಎಷ್ಟು ಜನ? ಟಿಪ್ಪುವಿನ ಕಡೆಯ ಬರಹವೇ 60,000 ಎನ್ನುತ್ತದೆ. ಅದೇ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ಸೆರೆಯಾಳಾಗಿದ್ದ ಜೇಮ್ಸ್ ಸ್ಕರಿ ಎಂಬ ಆಂಗ್ಲನು 30,000 ಎನ್ನುತ್ತಾನೆ. ಗೆದ್ದವನು ಹೆಚ್ಚಿಸಿ ಹೇಳಿರಬಹುದು, ಸೆರೆಯಾಳು ಕಂಡಷ್ಟನ್ನೇ ಎಣಿಸಿರಬಹುದು. ಕಡಿಮೆ ಅಂಕಿಯನ್ನೇ ಹಿಡಿದರೂ, ಆ ಕಾಲಕ್ಕೆ ಅದೊಂದು ದೊಡ್ಡ ಪಟ್ಟಣದ ಜನಸಂಖ್ಯೆ. ಹಲವರು ದಾರಿಯಲ್ಲೇ ಸತ್ತರು. ಇಲ್ಲಿಗೆ ತಲಪಿದ ಯುವಕರನ್ನು ಮತಾಂತರಿಸಿ ಸೇನೆಯ ತುಕಡಿಗಳಿಗೆ ಸೇರಿಸಿಕೊಳ್ಳಲಾಯಿತು. ಕುಟುಂಬಗಳು ಚದುರಿದವು. ಈ ಸ್ಥಿತಿ ಹದಿನೈದು ವರ್ಷ ನಡೆಯಿತು.

ನಡುವೆ ತಪ್ಪಿಸಿಕೊಂಡವರೂ ಇದ್ದರು. ಹಾಗೆ ಬಂದವರಿಗೆ ಕೊಡಗಿನ ದೊಡ್ಡ ವೀರರಾಜೇಂದ್ರನು ಆಶ್ರಯವಿತ್ತನು. ವಿರಾಜಪೇಟೆಯ ಸಂತ ಅನ್ನಮ್ಮನವರ ಇಗರ್ಜಿ 1792ರಲ್ಲಿ ಸ್ಥಾಪನೆಯಾದದ್ದು ಅಂಥವರಿಂದಲೇ. ಉಳಿದವರ ಬಿಡುಗಡೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ. ಅದಕ್ಕೂ ಮುನ್ನ, ಮಾರ್ಚ್ 27ರಂದು ನಮ್ಮ ಮಳವಳ್ಳಿಯಲ್ಲಿ ಕದನವಾದದ್ದನ್ನೂ, ಜನರಲ್ ಹ್ಯಾರಿಸನ ಸೇನೆ ಸೋಸಲೆಯ ಬಳಿ ಕಾವೇರಿಯನ್ನು ದಾಟಿ ರಾಜಧಾನಿಗೆ ನಡೆದದ್ದನ್ನೂ ನೀವೆಲ್ಲ ನನ್ನಿಂದಲೇ ಕೇಳಿದ್ದೀರಿ. ಮಳವಳ್ಳಿಯ ಕದನವೆಂದರೆ ಒಂದು ರಾಜ್ಯದ ಅಂತ್ಯದ ಆರಂಭವೆಂದು ಪಾಠ ಮಾಡುತ್ತಿದ್ದೆ. ಮುಂದಿನ ಊರಿನಲ್ಲಿ ಸಾವಿರಾರು ಜನ ಆ ಫಿರಂಗಿಗಳ ಸದ್ದು ಸಮೀಪಿಸುವುದನ್ನು ಬೇರೆಯೇ ಕಿವಿಗಳಿಂದ ಕೇಳಿರಬಹುದೆಂಬುದು ನನಗೆ ಹೊಳೆದಿರಲಿಲ್ಲ.

ಈಗ ಕಾದಂಬರಿಯ ಮಾತು. ದಾಖಲೆಗಳಲ್ಲಿ ನಮಗೆ ದೊರೆಯುವುದು ಅಂಕಿಗಳು, ಅದೂ ಹೆಚ್ಚಾಗಿ ಸುಲ್ತಾನನ ಕಡೆಯವರದು ಇಲ್ಲವೇ ಆಂಗ್ಲರದು. ಸೆರೆಯಲ್ಲಿದ್ದವರೇ ಬರೆದದ್ದು ಅತ್ಯಲ್ಪ. ಬಾರ್ಕೂರಿನ ಕ್ರೈಸ್ತನೊಬ್ಬ ಬಿಡುಗಡೆಯಾಗಿ ಹಿಂದಿರುಗಿದ ಮೇಲೆ ಬರೆದಿಟ್ಟ ಹಸ್ತಪ್ರತಿಯೊಂದಿದೆ. ಅದು ಕನ್ನಡದಲ್ಲಿದೆ ಎಂಬುದನ್ನು ಗಮನಿಸಿ. ಮನೆಮಾತು ಕೊಂಕಣಿಯಾದರೂ ನೋವನ್ನು ದಾಖಲಿಸಲು ಆತ ಆರಿಸಿಕೊಂಡದ್ದು ನಮ್ಮ ಭಾಷೆಯನ್ನು. ಇಷ್ಟು ಕಡಿಮೆ ಸಾಕ್ಷ್ಯವಿರುವಾಗ, ಮಗುವನ್ನು ಸೊಂಟದಲ್ಲಿಟ್ಟುಕೊಂಡು ಘಟ್ಟ ಹತ್ತಿದ ತಾಯಿಯ ಮನಸ್ಸಿನಲ್ಲೇನಿತ್ತು, ಗುರುಗಳೇ ಇಲ್ಲದ ಊರಿನಲ್ಲಿ ಹುಟ್ಟಿದ ಮಗುವಿಗೆ ಯಾರು ಹೆಸರಿಟ್ಟರು ಎಂದು ಕೇಳುವ ಕೆಲಸ ಕಾದಂಬರಿಕಾರನದೇ. ಸಲ್ಡಾನಾ ಅವರಂಥವರು ಮಾಡಿದ ಉಪಕಾರ ಅದು. ಅಂಕಿಗೆ ಮುಖ ಕೊಟ್ಟರು.

ಕಷ್ಟಕಾಲದಲ್ಲಿ ನಂಬಿಕೆಯನ್ನು ಉಳಿಸಿಕೊಂಡವರ ಕಥೆ ಕ್ರೈಸ್ತ ಸಾಹಿತ್ಯದಲ್ಲಿ ಹಳೆಯ ವಸ್ತು. ಪೋಲೆಂಡಿನ ಸಿಯೆಂಕಿವಿಚ್‌ನ 'ಕ್ವೋ ವಾಡಿಸ್' (1896) ರೋಮಿನ ನೀರೋ ಚಕ್ರವರ್ತಿಯ ಕಾಲದ ಹಿಂಸೆಯನ್ನು ಚಿತ್ರಿಸುತ್ತದೆ. ಅಲ್ಲಿ ಭಕ್ತರು ಸಿಂಹಗಳ ಎದುರು ಅಂಜದೆ ಸಾಯುತ್ತಾರೆ. ಇಂಥ ಕಥೆಗಳನ್ನೇ ಓದಿದವರಿಗೆ, ನಂಬಿಕೆಯೆಂದರೆ ಪ್ರಾಣ ಕೊಡುವುದು, ಕೊಡದವನಿಗೆ ನಂಬಿಕೆಯೇ ಇಲ್ಲ ಎಂಬ ಭಾವನೆ ಬಲಿಯುತ್ತದೆ. ಅದೇ ಭಾವನೆ ನಮ್ಮ ಶ್ರೀರಂಗಪಟ್ಟಣದ ಇತಿಹಾಸದಲ್ಲೂ ಒಬ್ಬ ದೊಡ್ಡ ಮನುಷ್ಯರಿಂದ ಕಠಿಣವಾದ ತೀರ್ಪೊಂದನ್ನು ಬರೆಸಿತು.

ಅವರು ಅಬ್ಬೆ ದುಬಾಯ್. ಫ್ರಾನ್ಸಿನ ಪ್ಯಾರಿಸ್ ಮಿಷನ್ ಸಂಘಕ್ಕೆ ಸೇರಿದ ಈ ಪಾದ್ರಿಗಳು 1799ರ ನಂತರ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಿದರು. ನಮ್ಮವರಂತೆ ಉಡುಪು ಧರಿಸಿ, ಮಾಂಸಾಹಾರವನ್ನು ಬಿಟ್ಟು ಬಾಳಿದರು. ಸಿಡುಬಿಗೆ ಲಸಿಕೆ ಹಾಕಿಸುವ ಕಾರ್ಯದಲ್ಲಿ ಮುಂದಾಗಿ ನಿಂತರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆಯುತ್ತಿದ್ದರು. ಗಂಜಾಮಿನಲ್ಲಿ ಅವರ ಹೆಸರಿನ ಇಗರ್ಜಿ ಇಂದಿಗೂ ಇದೆ. ಭಾರತವನ್ನು ಬಿಟ್ಟು ಹೋದ 1823ರಲ್ಲೇ ಅವರ ಪತ್ರಗಳ ಪುಸ್ತಕ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಈ ಸೆರೆಯ ಪ್ರಸ್ತಾಪ ಮಾಡಿ, ಅಷ್ಟು ಸಾವಿರ ಜನರಲ್ಲಿ ತನ್ನ ಧರ್ಮಕ್ಕಾಗಿ ಪ್ರಾಣ ಕೊಡಲು ಒಬ್ಬನೂ ಮುಂದೆ ಬರಲಿಲ್ಲವಲ್ಲ, ಎಲ್ಲರೂ ಪ್ರತಿಭಟಿಸದೆ ಮತಾಂತರಕ್ಕೆ ತಲೆಬಾಗಿದರಲ್ಲ ಎಂದು ನಾಚಿಕೆ, ದುಃಖಗಳಿಂದ ಬರೆದಿದ್ದಾರೆ.

ಆದರೆ ಅದೇ ಬರಹದಲ್ಲಿ, ಅದೇ ಪ್ರಾಮಾಣಿಕತೆಯಿಂದ, ಅವರು ಮುಂದಿನ ಸಂಗತಿಯನ್ನೂ ಹೇಳಿದ್ದಾರೆ. ಸುಲ್ತಾನನ ಪತನದ ನಂತರ ಇವರಲ್ಲಿ ಹೆಚ್ಚಿನವರು ತಾವಾಗಿಯೇ ಇಗರ್ಜಿಗೆ ಹಿಂದಿರುಗಿದರು. ತಾವು ಬಿಟ್ಟದ್ದು ಹೊರಗಿನದನ್ನು ಮಾತ್ರ, ಒಳಗಿನದನ್ನಲ್ಲ ಎಂದರು. ಸುಮಾರು 2,000 ಜನ ದುಬಾಯ್ ಅವರ ಬಳಿಗೇ ಬಂದರು. ಸುಮಾರು 20,000 ಜನ ಮಂಗಳೂರು ಸೀಮೆಗೆ ಮರಳಿ, ಕೆಡವಿದ್ದ ಇಗರ್ಜಿಗಳನ್ನು ಮತ್ತೆ ಕಟ್ಟಿಕೊಂಡರು.

ಈ ಎರಡು ಮಾತುಗಳನ್ನು ಪಕ್ಕಪಕ್ಕದಲ್ಲಿಟ್ಟು ಯೋಚಿಸಿ. ಬಲಿಯಾಗಲಿಲ್ಲವೆಂಬುದು ಸೋಲಾದರೆ, ಹಿಂದಿರುಗಿ ಬಂದದ್ದು ಏನು? ಹದಿನೈದು ವರ್ಷವೆಂದರೆ ಎಳೆಗೂಸು ದುಡಿಯುವ ವಯಸ್ಸಿಗೆ ಬರುವಷ್ಟು ಕಾಲ. ಇಗರ್ಜಿಯಿಲ್ಲ, ಪಾದ್ರಿಗಳಿಲ್ಲ, ಗಂಟೆಯ ಸದ್ದಿಲ್ಲ. ಪಾದ್ರಿಗಳಿಲ್ಲದೆ ಪೂಜೆ ನಡೆಯದು, ಪಾಪನಿವೇದನೆಯೂ ನಡೆಯದು. ಆದರೆ ತುರ್ತಿನಲ್ಲಿ ಜ್ಞಾನಸ್ನಾನವನ್ನು ಯಾರು ಬೇಕಾದರೂ ಕೊಡಬಹುದೆಂಬುದು ಕ್ಯಾಥೋಲಿಕರ ಕಟ್ಟಳೆ ಎಂದು ನನ್ನ ಗೆಳೆಯರು ಹೇಳಿದರು. ಒಂದು ಬೊಗಸೆ ನೀರು, ನೆನಪಿನಲ್ಲುಳಿದ ನಾಲ್ಕು ಮಾತು, ಇಷ್ಟು ಸಾಕು. ಜಪಸರವಿಲ್ಲದಿದ್ದರೆ ಬೆರಳೆಣಿಸಿ ಜಪ ಮಾಡಬಹುದು. ಅಂದರೆ ನಂಬಿಕೆಯ ಭಾರವೆಲ್ಲ ಗುರುಗಳ ಹೆಗಲಿನಿಂದ ಇಳಿದು ಮನೆಯ ಹಿರಿಯರ, ಅದರಲ್ಲೂ ಹೆಂಗಸರ, ಪಿಸುಮಾತಿಗೆ ಬಂದು ನಿಂತಿರಬೇಕು. ಹಾಗಲ್ಲದೆ 1799ರಲ್ಲಿ ಇಗರ್ಜಿಯ ಬಾಗಿಲು ತಟ್ಟಿದ ಹದಿಹರೆಯದ ಹುಡುಗನಿಗೆ ತಾನು ಯಾರೆಂಬುದು ಹೇಗೆ ತಿಳಿದಿತ್ತು?

ಇದನ್ನು ಗೆಳೆಯರ ಮುಂದೆ ಹೇಳಿದಾಗ ಅವರು ಒಂದು ಮಾತು ಸೇರಿಸಿದರು. "ಮೇಷ್ಟ್ರೇ, ನಮ್ಮ ಧರ್ಮಸಭೆ ಪೇತ್ರನೆಂಬ ಬಂಡೆಯ ಮೇಲೆ ನಿಂತಿದೆ ಅಂತೀವಿ. ಆದರೆ ಆ ಪೇತ್ರನೇ ಕೋಳಿ ಕೂಗುವುದರೊಳಗೆ ಮೂರು ಸಲ ಯೇಸುವನ್ನು ನಾನರಿಯೆ ಅಂದವನು. ಅಂದ ಮೇಲೆ ಅತ್ತ, ಆಮೇಲೆ ಹಿಂದಿರುಗಿದ." ದೊಡ್ಡಸ್ವಾಮಿಯವರಿಗೆ ಇದು ತಿಳಿಯದ ವಿಷಯವಲ್ಲ. ಆದರೆ ದೂರದಿಂದ ಬಂದವರಿಗೆ ವೀರಮರಣ ಕಾಣುವಷ್ಟು ಸುಲಭವಾಗಿ ಪಿಸುಮಾತು ಕೇಳಿಸುವುದಿಲ್ಲ.

ಜಪಾನಿನ ಎಂಡೊ ಶೂಸಾಕು ಎಂಬ ಲೇಖಕ 1966ರಲ್ಲಿ 'ಮೌನ' ಎಂಬ ಅರ್ಥದ ಹೆಸರಿನ ಕಾದಂಬರಿಯೊಂದನ್ನು ಬರೆದನು. 1614ರಲ್ಲಿ ಜಪಾನಿನಲ್ಲಿ ಕ್ರೈಸ್ತಮತ ನಿಷಿದ್ಧವಾಯಿತು. ಯೇಸುವಿನ ಇಲ್ಲವೇ ಮರಿಯಮ್ಮನ ಚಿತ್ರದ ಫಲಕವನ್ನು ಕಾಲಿನಿಂದ ತುಳಿಸಿ, ಯಾರು ಕ್ರೈಸ್ತರೆಂದು ಪತ್ತೆ ಮಾಡುತ್ತಿದ್ದರು. ಬೇರೆಯವರ ಪ್ರಾಣವನ್ನುಳಿಸಲು ಆ ಚಿತ್ರವನ್ನು ತುಳಿದ ಪಾದ್ರಿಯೇ ಆ ಕಾದಂಬರಿಯ ನಾಯಕ. ತುಳಿದವನಲ್ಲಿ ನಂಬಿಕೆ ಉಳಿದಿರಬಹುದೇ ಎಂಬುದೇ ಅದರ ಪ್ರಶ್ನೆ. ಇತಿಹಾಸ ಅದಕ್ಕೆ ಒಂದು ಉತ್ತರವನ್ನು ಕೊಟ್ಟಿದೆ. 1865ರಲ್ಲಿ ನಾಗಸಾಕಿಯಲ್ಲಿ ಹೊಸದಾಗಿ ಕಟ್ಟಿದ ಇಗರ್ಜಿಗೆ ಉರಾಕಾಮಿ ಎಂಬ ಹಳ್ಳಿಯ ಕೆಲವರು ಬಂದು, ತಮ್ಮ ಹೃದಯವೂ ನಿಮ್ಮದೇ ಎಂದು ಪೆತಿಜಾನ್ ಎಂಬ ಪಾದ್ರಿಗಳಿಗೆ ಮೆಲ್ಲನೆ ತಿಳಿಸಿ, ಮರಿಯಮ್ಮನ ಪ್ರತಿಮೆ ಎಲ್ಲಿದೆಯೆಂದು ಕೇಳಿದರು. ಎರಡು ಶತಮಾನಕ್ಕೂ ಹೆಚ್ಚು ಕಾಲ ಪಾದ್ರಿಗಳಿಲ್ಲದೆ, ವರ್ಷವರ್ಷವೂ ಚಿತ್ರ ತುಳಿಯುತ್ತಲೇ, ಮನೆಯೊಳಗೆ ನಂಬಿಕೆಯನ್ನು ಉಳಿಸಿಕೊಂಡವರು ಅವರು. ವಿಶೇಷವೆಂದರೆ, ಪೆತಿಜಾನ್ ಕೂಡ ನಮ್ಮ ದುಬಾಯ್ ಅವರ ಪ್ಯಾರಿಸ್ ಸಂಘದವರೇ.

ಇದು ಒಂದು ಮತದವರ ಗುಣ ಮಾತ್ರವೆಂದು ನಾನು ಭಾವಿಸುವುದಿಲ್ಲ. ಕಲ್ಯಾಣದಲ್ಲಿ ಕೋಲಾಹಲವಾದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ಹೋದರೆಂದು ನಾವೆಲ್ಲ ಕೇಳಿದ್ದೇವೆ. ಅವರನ್ನು ಓಡಿಹೋದವರೆಂದು ನಾವು ಜರೆಯುವುದಿಲ್ಲ, ಉಳಿಸಿದವರೆಂದು ನೆನೆಯುತ್ತೇವೆ. ನಮ್ಮ ಜಿಲ್ಲೆಯ ಮೇಲುಕೋಟೆಯಲ್ಲೇ ಮಂಡಯಂ ಅಯ್ಯಂಗಾರರ ಎಷ್ಟೋ ಮನೆಗಳಲ್ಲಿ ನರಕ ಚತುರ್ದಶಿಯ ದಿನ ಹಬ್ಬವಿಲ್ಲ. ಟಿಪ್ಪುವಿನ ಕಾಲದಲ್ಲಿ ತಮ್ಮ ಹಿರಿಯರಿಗೆ ಬಂದ ಸಾವಿನ ನೆನಪು ಅದೆಂದು ಆ ಮನೆಯವರು ಹೇಳುತ್ತಾರೆ. ಪಠ್ಯಪುಸ್ತಕ ಮೌನವಾಗಿರುವಲ್ಲಿ ಹಚ್ಚದ ಒಂದು ದೀಪ ನೆನಪನ್ನು ಕಾಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳದಿದ್ದರೆ ನನ್ನ ಕರ್ತವ್ಯದಲ್ಲಿ ಲೋಪವಾದೀತು. ಇಂಥ ಸಂಗತಿಗಳನ್ನು ಇಂದಿನ ಜಗಳದ ಒಲೆಗೆ ಸೌದೆಯಾಗಿ ಬಳಸುವವರು ಎಲ್ಲ ಕಡೆಯೂ ಇದ್ದಾರೆ. ಅದೇ ಟಿಪ್ಪು, 1791ರಲ್ಲಿ ಮರಾಠಾ ಸೇನೆಯ ದಂಡಿಗರು ಶೃಂಗೇರಿ ಮಠವನ್ನು ಕೊಳ್ಳೆಹೊಡೆದಾಗ, ಜಗದ್ಗುರುಗಳಿಗೆ ವಿನಯದಿಂದ ಪತ್ರ ಬರೆದು ನೆರವು ನೀಡಿದವನು. ಆ ಕನ್ನಡ ಪತ್ರಗಳನ್ನು 1916ರಲ್ಲಿ ರಾವ್‌ಬಹದ್ದೂರ್ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಆಂಗ್ಲರ ಎದುರು ಕೊನೆಯವರೆಗೂ ಹೋರಾಡಿ ಮಡಿದವನೂ ಅವನೇ. ಗಿರೀಶ ಕಾರ್ನಾಡರು 'ಟಿಪ್ಪು ಸುಲ್ತಾನ ಕಂಡ ಕನಸು' ನಾಟಕದಲ್ಲಿ ಅವನ ಆ ಮುಖವನ್ನು ತೋರಿದ್ದಾರೆ. ಒಬ್ಬನೇ ಮನುಷ್ಯ ಒಂದು ಮಠಕ್ಕೆ ಆಸರೆಯೂ ಒಂದು ಸಮುದಾಯಕ್ಕೆ ಯಮನೂ ಆಗಬಲ್ಲನೆಂಬುದನ್ನು ಒಪ್ಪಿಕೊಳ್ಳುವಷ್ಟು ನಮ್ಮ ಮನಸ್ಸು ವಿಶಾಲವಾಗಬೇಕು. ಹಾಗೆಯೇ, 1799ರ ನಂತರ ಹಿಂದಿರುಗದೆ ಉಳಿದವರೂ ಇದ್ದರು. ಅಷ್ಟರಲ್ಲಿ ಇಲ್ಲಿಯೇ ಮದುವೆಯಾಗಿ, ಮಕ್ಕಳಾಗಿ, ಹೊಸ ಧರ್ಮವೇ ಅವರದಾಗಿತ್ತು. ಅವರ ವಂಶದವರು ನಮ್ಮ ನಡುವೆ ಎಲ್ಲೋ ಇರಬಹುದು. ಅವರ ನಮಾಜು ಹಿಂದಿರುಗಿದವರ ಜಪದಷ್ಟೇ ನಿಜವಾದದ್ದು. ಕಾದಂಬರಿಗಳು ಸಾಮಾನ್ಯವಾಗಿ ಹಿಂದಿರುಗಿದವರ ಕಥೆಯನ್ನು ಹೇಳುತ್ತವೆ. ಉಳಿದವರ ಕಥೆಯನ್ನೂ ಯಾರಾದರೂ ಬರೆದರೆ ನಾನು ಓದಲು ಕಾದಿದ್ದೇನೆ.

ನಿವೃತ್ತನಾದ ಮೇಲೆ ಒಂದು ಬೆಳಗ್ಗೆ ಒಬ್ಬನೇ ಬಸ್ಸು ಹತ್ತಿ ಗಂಜಾಮಿಗೆ ಹೋಗಿ ಬಂದೆ. ದರಿಯಾ ದೌಲತ್‌ಗೂ ಗುಂಬಜ್‌ಗೂ ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆನೋ ಲೆಕ್ಕವಿಲ್ಲ. ಆ ಹಾದಿಯ ಆಸುಪಾಸಿನಲ್ಲೇ ಇರುವ ಇಗರ್ಜಿಯ ಕಡೆಗೆ ಒಮ್ಮೆಯೂ ಕತ್ತು ಹೊರಳಿಸಿರಲಿಲ್ಲ. ಹೊರಗೆ ಒಂದು ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕುಳಿತಿದ್ದೆ. ನಾನು ಕ್ರೈಸ್ತನಲ್ಲ, ಪ್ರಾರ್ಥನೆ ಬಾರದು. ಕೈಯೆತ್ತಿದ ಹುಡುಗಿಯೊಬ್ಬಳ ನೆನಪಾಯಿತು.

ಅಮ್ಮಾ, ನೀನೀಗ ಎಲ್ಲಿದ್ದೀಯೋ ತಿಳಿಯದು. ನಿನ್ನ ಮಕ್ಕಳೇ ಈಗ ಕಾಲೇಜಿನಲ್ಲಿರಬಹುದು. ನಿನ್ನ ಅಂದಿನ ಸಹಪಾಠಿಗಳಲ್ಲಿ ಹಲವರು ಈ ಬರಹಗಳನ್ನು ಓದುತ್ತಾರೆ, ಯಾರಾದರೂ ನಿನಗೆ ತಲಪಿಸಿಯಾರು. ನಿನ್ನ ಅಜ್ಜಿ ಹೇಳಿದ್ದು ನಿಜ. ನಿಮ್ಮ ಹಿರಿಯರನ್ನು ಈ ಊರಿಗೆ ನಡೆಸಿಕೊಂಡು ಬಂದದ್ದು ನಿಜ. ಅವರು ಒಂದು ಬಂದೀಖಾನೆಯಲ್ಲಿರಲಿಲ್ಲ. ಇಡೀ ರಾಜಧಾನಿಯೇ ಅವರಿಗೆ ಸೆರೆಯಾಗಿತ್ತು. ಅಂದು ನಾನು ತೋರಿಸಿದ ಪ್ರತಿಯೊಂದು ಬೀದಿಯಲ್ಲೂ ಅವರು ಓಡಾಡಿದ್ದಿರಬೇಕು. ಅವರು ವೀರರಂತೆ ಸಾಯಲಿಲ್ಲವೆಂದು ಯಾರಾದರೂ ಹೇಳಿದರೆ ತಲೆ ತಗ್ಗಿಸಬೇಡ. ಹದಿನೈದು ವರ್ಷ ಮಕ್ಕಳ ಕಿವಿಯಲ್ಲಿ ಹೇಳುತ್ತಾ ಬಂದದ್ದರಿಂದಲೇ ಅದು ನಿನ್ನ ಅಜ್ಜಿಯವರೆಗೂ, ಅವರಿಂದ ನಿನ್ನವರೆಗೂ, ನಿನ್ನಿಂದ ಆ ಬಂದೀಖಾನೆಯ ಬಾಗಿಲಿನವರೆಗೂ ಬಂತು. ಅಲ್ಲಿ ಅದನ್ನು ತಡೆದವನು ನಾನು.

ಕ್ಷಮಿಸು.

ಉಳಿದ ಶಿಷ್ಯರಿಗೆ, ಅದರಲ್ಲೂ ಮೇಷ್ಟ್ರಾಗಿರುವವರಿಗೆ, ಒಂದು ಮಾತು. ಮಕ್ಕಳು ತಮ್ಮ ಅಜ್ಜಿಯ ಮಾತನ್ನು ತರಗತಿಗೆ ತಂದಾಗ, ನಿಮಗೆ ತಿಳಿಯದಿದ್ದರೆ, "ನನಗೆ ತಿಳಿಯದು, ನೋಡಿ ಹೇಳುತ್ತೇನೆ" ಎನ್ನಿ. ಮೂವತ್ತು ವರ್ಷ ತಡಮಾಡಬೇಡಿ.

ಇಂತು ನಿಮ್ಮ
ಮೇಷ್ಟ್ರು